ಒಂದೇ ಮಣ್ಣಿನ ಎರಡು ಫ್ಯುಸೇರಿಯಂ: ನಿರುಪದ್ರವಿ ಹಾಗೂ ರೋಗಕಾರಕ ಶಿಲೀಂಧ್ರಗಳ ಜೀನೋಮ್ ಹೋಲಿಕೆಗೆ ಸಮಗ್ರ ಮಾರ್ಗದರ್ಶಿ

ಬ್ರಹ್ಮಾವರದ ಸಮೀಪದ ಒಂದು ತೋಟದಲ್ಲಿ, ಅಡಿಕೆ ಸಾಲುಗಳ ನಡುವೆ ನೆಟ್ಟಿದ್ದ ರಸಬಾಳೆಯ ಕೆಳಗಿನ ಎಲೆಗಳು ಅಂಚಿನಿಂದ ಹಳದಿಗಟ್ಟಿ, ತೊಟ್ಟು ಮುರಿದು ದಿಂಡಿಗೆ ಜೋತುಬಿದ್ದಿದ್ದವು. ಗಡ್ಡೆಯನ್ನು ಕತ್ತಿಯಿಂದ ಅಡ್ಡಕ್ಕೆ ಕೊಯ್ದಾಗ ಬಿಳಿಯ ತಿರುಳಿನ ನಡುವೆ ಕೆಂಪು ಮಿಶ್ರಿತ ಕಂದು ಚುಕ್ಕೆಗಳು ಉಂಗುರದ ಆಕಾರದಲ್ಲಿ ಕಾಣಿಸಿದವು. ನೀರು ಸಾಗಿಸುವ ನಾಳಗಳೊಳಗೆ ಪನಾಮ ಸೊರಗು ರೋಗದ ಶಿಲೀಂಧ್ರ ಸೇರಿಕೊಂಡಿದೆ ಎಂಬುದಕ್ಕೆ ಇದೇ ಗುರುತು. ಹತ್ತು ಹೆಜ್ಜೆ ಆಚೆ ಅದೇ ರಸಬಾಳೆಯ ಇನ್ನೊಂದು ಬುಡ ಹಸಿರಾಗಿ ನಿಂತಿತ್ತು. ಎರಡೂ ಬುಡಗಳ ಮಣ್ಣನ್ನು ಮಂಗಳೂರಿಗೆ ತಂದು ತಟ್ಟೆಗಳ ಮೇಲೆ ಹರಡಿದೆವು. ನಾಲ್ಕನೆಯ ದಿನಕ್ಕೆ ಎರಡರಲ್ಲೂ ಹತ್ತಿಯಂತೆ ಬಿಳಿಯಾದ, ತಳದಲ್ಲಿ ನಸುನೇರಳೆ ಬಣ್ಣ ಬಿಟ್ಟ, ಒಂದೇ ಬಗೆಯ ವಸಾಹತುಗಳು ಬೆಳೆದಿದ್ದವು. ಎರಡೂ ಫ್ಯುಸೇರಿಯಂ ಆಕ್ಸಿಸ್ಪೋರಮ್. ಸೂಕ್ಷ್ಮದರ್ಶಕದ ಕೆಳಗೆ ಎಷ್ಟು ಹೊತ್ತು ನೋಡಿದರೂ ಯಾವುದು ಬಾಳೆಯನ್ನು ಕೊಲ್ಲುವಂಥದ್ದು, ಯಾವುದು ಬೇರಿನ ಆಸುಪಾಸಿನಲ್ಲಿ ಸುಮ್ಮನೆ ಬದುಕುವಂಥದ್ದು ಎಂದು ಹೇಳಲು ಬರುವುದಿಲ್ಲ. ಆ ವ್ಯತ್ಯಾಸವನ್ನು ಜೀನೋಮ್‌ನಲ್ಲಿ, ಅಂದರೆ ಜೀವಿಯ ಇಡೀ ಡಿಎನ್‌ಎ ಬರಹದಲ್ಲಿ, ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಕರಾವಳಿಯ ಕಾಲೇಜುಗಳಲ್ಲಿ ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಸಸ್ಯರೋಗಶಾಸ್ತ್ರ ಓದುತ್ತಿರುವ, ಪ್ರಾಜೆಕ್ಟ್‌ಗಾಗಿ ಇಂಥ ಕೆಲಸಕ್ಕೆ ಕೈಹಾಕಲು ಬಯಸುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಂಪ್ಯೂಟರಿನ ಭಾಗವೇ ಕಠಿಣ ಎಂದು ಬಹುತೇಕರು ಭಾವಿಸುತ್ತಾರೆ. ಆದರೆ ತಂತ್ರಾಂಶಗಳನ್ನು ಒಂದೆರಡು ತಿಂಗಳಲ್ಲಿ ಕಲಿಯಬಹುದು. ಹೋಲಿಕೆಯ ಬೆಲೆ ನಿರ್ಧಾರವಾಗುವುದು ಅದಕ್ಕೂ ಮುಂಚೆ, ‘ನಿರುಪದ್ರವಿ’ ಎಂದು ಹೆಸರಿಟ್ಟ ತಳಿ ನಿಜವಾಗಿಯೂ ನಿರುಪದ್ರವಿಯೇ ಎಂಬ ಪ್ರಶ್ನೆಯಲ್ಲಿ.

ಜೋಡಿಯ ಆಯ್ಕೆ

ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವ ಹೆಸರು ಅಡಿಕೆಯ ಕೊಳೆರೋಗ. ಅದನ್ನು ಮಣ್ಣಿನ ನಿರುಪದ್ರವಿ ಶಿಲೀಂಧ್ರವೊಂದರ ಜೊತೆಗಿಟ್ಟು ಹೋಲಿಸಬಹುದಲ್ಲ ಎಂದು ಕೇಳುತ್ತಾರೆ. ಹೋಲಿಸಬಾರದು. ಕೊಳೆರೋಗವನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ. ಅದು ಊಮೈಸೀಟ್ ಗುಂಪಿಗೆ ಸೇರಿದ್ದು, ವಂಶಾವಳಿಯಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯವಾದರೆ, ಇದರ ಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಇಷ್ಟು ದೂರದ ಎರಡು ಜೀವಿಗಳನ್ನು ಪಕ್ಕಪಕ್ಕ ಇಟ್ಟರೆ ಸಾವಿರಾರು ವ್ಯತ್ಯಾಸಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಯಾವುದು ರೋಗಕ್ಕೆ ಕಾರಣ, ಯಾವುದು ಕೋಟ್ಯಂತರ ವರ್ಷಗಳ ಅಗಲಿಕೆಯ ಫಲ ಎಂದು ಬಿಡಿಸಲು ಸಾಧ್ಯವಾಗುವುದಿಲ್ಲ. ಜೋಡಿ ಎಷ್ಟು ಹತ್ತಿರದ ಸಂಬಂಧಿಗಳಾಗಿರುತ್ತದೆಯೋ ಉತ್ತರ ಅಷ್ಟು ಸ್ಪಷ್ಟವಾಗುತ್ತದೆ.

ಫ್ಯುಸೇರಿಯಂ ಆಕ್ಸಿಸ್ಪೋರಮ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಒಂದೇ ಪ್ರಭೇದದೊಳಗೆ ಬಾಳೆ, ಟೊಮೆಟೊ, ಕಡಲೆ, ವೆನಿಲ್ಲಾ ಮೊದಲಾದ ಬೆಳೆಗಳಿಗೆ ರೋಗ ತರುವ ತಳಿಗಳೂ ಇವೆ, ಯಾವ ಗಿಡಕ್ಕೂ ಹಾನಿ ಮಾಡಿದ ದಾಖಲೆಯಿಲ್ಲದೆ ಮಣ್ಣಿನಲ್ಲಿ ಬದುಕುವ ತಳಿಗಳೂ ಇವೆ. 2010ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಈ ಕ್ಷೇತ್ರದ ನಡೆಯನ್ನೇ ಬದಲಿಸಿತು. ಟೊಮೆಟೊಗೆ ಸೊರಗು ರೋಗ ತರುವ ತಳಿಯೊಂದರ ಜೀನೋಮ್ ಸುಮಾರು 6 ಕೋಟಿ ಬೇಸ್ ಜೋಡಿಗಳಷ್ಟಿದ್ದು (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ), ಅದರ 15 ವರ್ಣತಂತುಗಳ ಪೈಕಿ 3, 6, 14 ಮತ್ತು 15ನೆಯವು ಹತ್ತಿರದ ಸಂಬಂಧಿ ಪ್ರಭೇದಗಳಲ್ಲಿ ಇಲ್ಲವೇ ಇಲ್ಲ ಎಂದು ತಿಳಿಯಿತು. ಈ ಹೆಚ್ಚುವರಿ ಭಾಗದಲ್ಲಿ ದಿನನಿತ್ಯದ ಜೀವನಕ್ಕೆ ಬೇಕಾದ ಜೀನ್‌ಗಳು ಕಡಿಮೆ, ಜಾಗದಿಂದ ಜಾಗಕ್ಕೆ ಜಿಗಿಯುವ ಟ್ರಾನ್ಸ್‌ಪೋಸಾನ್‌ಗಳು ತುಂಬಿ ತುಳುಕುತ್ತಿದ್ದವು. ರೋಗಕಾರಕ ತಳಿಯನ್ನೂ ನಿರುಪದ್ರವಿ ತಳಿಯನ್ನೂ ಒಟ್ಟಿಗೆ ಬೆಳೆಸಿದಾಗ 14ನೆಯ ವರ್ಣತಂತು ಒಂದರಿಂದ ಇನ್ನೊಂದಕ್ಕೆ ದಾಟಿತು, ಅದುವರೆಗೆ ಸಾಧುವಾಗಿದ್ದ ತಳಿ ಟೊಮೆಟೊ ಗಿಡಗಳಲ್ಲಿ ರೋಗ ತರತೊಡಗಿತು. ಹೀಗೆ ವರ್ಣತಂತು ಪಡೆದುಕೊಂಡ ಆ ನಿರುಪದ್ರವಿ ತಳಿ ಎಫ್‌ಓ47. ಫ್ರಾನ್ಸಿನಲ್ಲಿ, ಸೊರಗು ರೋಗವನ್ನು ತಾನಾಗಿ ತಡೆಯುತ್ತಿದ್ದ ಮಣ್ಣಿನಿಂದ ಅದನ್ನು ಬೇರ್ಪಡಿಸಿದ್ದರು. ಸುಮಾರು 5 ಕೋಟಿ ಬೇಸ್ ಜೋಡಿಗಳ, 12 ವರ್ಣತಂತುಗಳ ಅದರ ಪೂರ್ಣ ಜೀನೋಮ್ ಇಂದು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಲಭ್ಯವಿದೆ. ನಿಮ್ಮ ಹೋಲಿಕೆಯಲ್ಲಿ ಅದಕ್ಕೊಂದು ಸ್ಥಾನ ಇರಲಿ.

ವ್ಯತ್ಯಾಸ ಯಾವಾಗಲೂ ಹೆಚ್ಚುವರಿ ವರ್ಣತಂತುಗಳಲ್ಲೇ ಇರುತ್ತದೆ ಎಂದು ಮೊದಲೇ ತೀರ್ಮಾನಿಸಬೇಡಿ. ಅಮೆರಿಕದ ನೈಋತ್ಯ ಭಾಗದ ಒಣನೆಲದಲ್ಲಿ ಬದುಕಿ ಮನುಷ್ಯರಿಗೆ ಕಣಿವೆ ಜ್ವರ ತರುವ ಕಾಕ್ಸಿಡಿಯಾಯ್ಡಿಸ್ ಶಿಲೀಂಧ್ರವನ್ನು ಅದರ ನಿರುಪದ್ರವಿ ಬಂಧುವಾದ ಅನ್ಸಿನೊಕಾರ್ಪಸ್ ರೀಸಿಯೈ ಜೊತೆ 2009ರಲ್ಲಿ ಹೋಲಿಸಿದಾಗ ಸಿಕ್ಕ ಉತ್ತರವೇ ಬೇರೆ. ಸಸ್ಯದ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳ ಕುಟುಂಬಗಳು ಈ ವಂಶದಲ್ಲಿ ಕುಗ್ಗಿದ್ದವು, ಪ್ರೋಟೀನನ್ನು ಕತ್ತರಿಸುವ ಕೆಲವು ಕಿಣ್ವಗಳ ಕುಟುಂಬಗಳು ಹಿಗ್ಗಿದ್ದವು. ಅಂದರೆ ಈ ಶಿಲೀಂಧ್ರ ಸತ್ತ ಗಿಡಗಳಿಗಿಂತ ಪ್ರಾಣಿಗಳ ದೇಹವನ್ನೇ ಹೆಚ್ಚು ಅವಲಂಬಿಸಿ ಬೆಳೆದುಬಂದಿದೆ ಎಂಬ ಸೂಚನೆ ಅಲ್ಲಿತ್ತು. ಜೀನ್ ಇದೆಯೋ ಇಲ್ಲವೋ ಎಂಬುದರಷ್ಟೇ ಗಮನವನ್ನು ಅದರ ಪ್ರತಿಗಳ ಸಂಖ್ಯೆಯ ಮೇಲೂ ಇಡಬೇಕೆಂದು ಇದರಿಂದ ನಾನು ಕಲಿತೆ.

ಒಂದು ರೋಗಕಾರಕ, ಒಂದು ನಿರುಪದ್ರವಿ ಸಾಲದು. ಎರಡು ತಳಿಗಳ ನಡುವೆ ನೂರಾರು ಜೀನ್‌ಗಳ ವ್ಯತ್ಯಾಸ ಸಹಜವಾಗಿಯೇ ಇರುತ್ತದೆ. ಕನಿಷ್ಠ ಮೂರು ಮೂರಾದರೂ ಬೇಕು, ಸಾಧ್ಯವಾದರೆ ಬೇರೆ ಬೇರೆ ತೋಟಗಳವು.

ಮಣ್ಣಿನಿಂದ ಒಂಟಿ ಬೀಜಕದವರೆಗೆ

ಉಡುಪಿ, ದಕ್ಷಿಣ ಕನ್ನಡಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜುಲೈಯಲ್ಲಿ ತೆಗೆದ ಮಣ್ಣಿನಲ್ಲಿ ನೀರು, ಬ್ಯಾಕ್ಟೀರಿಯಾ ಎರಡೂ ವಿಪರೀತ. ಅಕ್ಟೋಬರ್ ಕಳೆದ ಮೇಲೆ ಮಣ್ಣು ಸ್ವಲ್ಪ ಆರಿದಾಗ, ಮೇಲಿನ ತರಗೆಲೆಯನ್ನು ಸರಿಸಿ, 10ರಿಂದ 20 ಸೆಂಟಿಮೀಟರ್ ಆಳದಲ್ಲಿ ಬೇರಿಗೆ ಅಂಟಿಕೊಂಡ ಮಣ್ಣನ್ನು ತೆಗೆಯಿರಿ. ರೋಗದ ಬುಡದಿಂದ ಆರೋಗ್ಯದ ಬುಡಕ್ಕೆ ಹೋಗುವಾಗ ಕತ್ತಿ, ಗುದ್ದಲಿ, ಚಪ್ಪಲಿ ಎಲ್ಲವನ್ನೂ ತೊಳೆದು ಸ್ಪಿರಿಟ್‌ನಿಂದ ಒರೆಸಿಕೊಳ್ಳಬೇಕು. ಇದು ನಿಮ್ಮ ಮಾದರಿಯ ಶುದ್ಧಿಗಾಗಿ ಮಾತ್ರವಲ್ಲ, ತೋಟದ ಯಜಮಾನರ ಉಳಿದ ಬಾಳೆಗಾಗಿ ಕೂಡ.

ಒಂದು ಗ್ರಾಂ ಮಣ್ಣನ್ನು 9 ಮಿಲಿಲೀಟರ್ ಶುದ್ಧ ನೀರಿನಲ್ಲಿ ಕದಡಿ, ಹತ್ತುಪಟ್ಟಿನ ಕ್ರಮದಲ್ಲಿ ತೆಳುಗೊಳಿಸುತ್ತ ಹೋಗಿ, ಕೊಮಾಡಾ ಮಾಧ್ಯಮದ ಮೇಲೆ ಹರಡಿ. ಇದು ಫ್ಯುಸೇರಿಯಂಗೆ ಅವಕಾಶ ಕೊಟ್ಟು ಉಳಿದವುಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ವಸಾಹತು ಬೆಳೆದ ನಂತರ ಒಂದೇ ಒಂದು ಬೀಜಕದಿಂದ ಮತ್ತೆ ಬೆಳೆಸುವ ಹಂತವನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. ಎರಡು ತಳಿ ಬೆರೆತ ವಸಾಹತಿನ ಜೀನೋಮ್ ಮುಂದೆ ಯಾವ ತಂತ್ರಾಂಶದಿಂದಲೂ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಪ್ರಭೇದದ ಗುರುತಿಗೆ ಎಲ್ಲರೂ ಬಳಸುವ ಐಟಿಎಸ್ ಎಂಬ ಡಿಎನ್‌ಎ ಭಾಗ ಫ್ಯುಸೇರಿಯಂನಲ್ಲಿ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವುದಿಲ್ಲವಾದ್ದರಿಂದ ಟಿಇಎಫ್1 ಜೀನಿನ ಭಾಗವನ್ನು ಓದಿಸಬೇಕು.

ಗಿಡದ ಶಿಲೀಂಧ್ರವಲ್ಲವೇ ಎಂಬ ಸಲುಗೆ ಬೇಡ. ಫ್ಯುಸೇರಿಯಂ ಕಣ್ಣಿನ ಕಾರ್ನಿಯಾಕ್ಕೆ ತರುವ ಸೋಂಕು ದಕ್ಷಿಣ ಭಾರತದ ಕೃಷಿಕರಲ್ಲಿ ಸಾಮಾನ್ಯವಾಗಿಯೇ ಕಾಣಿಸುತ್ತದೆ. ಕೈಗವಸು, ಕನ್ನಡಕ, ಸುರಕ್ಷಾ ಕ್ಯಾಬಿನೆಟ್ ಮೂರೂ ಇರಲಿ.

‘ನಿರುಪದ್ರವಿ’ ಎಂಬುದನ್ನು ಗಿಡದ ಮೇಲೆ ಸಾಬೀತುಪಡಿಸುವುದು

ನಾವು ಎಡವಿದ್ದು ಇಲ್ಲಿ. ಮೊದಲ ಸಲ ರೋಗಪರೀಕ್ಷೆಗೆ ಜಿ-9 ಎಂದು ಕರೆಯುವ ಅಂಗಾಂಶ ಕೃಷಿಯ ಕ್ಯಾವೆಂಡಿಷ್ ಸಸಿಗಳನ್ನು ತಂದೆವು, ಏಕೆಂದರೆ ಒಂದೇ ವಯಸ್ಸಿನ, ರೋಗಮುಕ್ತ ಸಸಿಗಳು ನರ್ಸರಿಯಲ್ಲಿ ಸುಲಭವಾಗಿ ಸಿಗುತ್ತಿದ್ದವು. ಎಂಟು ವಾರ ಕಳೆದರೂ ಒಂದು ಸಸಿಯೂ ಸೊರಗಲಿಲ್ಲ. ಆರು ತಳಿಗಳನ್ನೂ ನಿರುಪದ್ರವಿ ಎಂದು ಬರೆದುಕೊಂಡೆವು. ಆಮೇಲೆ ರಸಬಾಳೆಯ ಸಸಿಗಳ ಮೇಲೆ ಅದೇ ಪರೀಕ್ಷೆ ಮಾಡಿದಾಗ ಆರರಲ್ಲಿ ನಾಲ್ಕು ತಳಿಗಳು ಗಡ್ಡೆಯನ್ನು ಕಂದಾಗಿಸಿದವು. ಕಾರಣ ಸರಳ: ಬಾಳೆಯ ಫ್ಯುಸೇರಿಯಂನ ರೇಸ್ 1 ಎಂಬ ಗುಂಪು ರಸಬಾಳೆಯಂಥವನ್ನು ಕೊಲ್ಲುತ್ತದೆ, ಕ್ಯಾವೆಂಡಿಷ್ ಅದಕ್ಕೆ ನಿರೋಧಕ. ಮೊದಲ ಪಟ್ಟಿಯನ್ನೇ ನಂಬಿ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಓದಿಸಲು) ಕಳುಹಿಸಿದ್ದರೆ ರೋಗಕಾರಕವನ್ನೇ ರೋಗಕಾರಕದ ಜೊತೆ ಹೋಲಿಸಿ, ವ್ಯತ್ಯಾಸವಿಲ್ಲ ಎಂದು ಬರೆಯುತ್ತಿದ್ದೆವು. ನಿರುಪದ್ರವಿತನ ಶಿಲೀಂಧ್ರವೊಂದರದೇ ಗುಣವಲ್ಲ, ಶಿಲೀಂಧ್ರ ಮತ್ತು ಗಿಡದ ನಡುವಿನ ಸಂಬಂಧ. ಆದ್ದರಿಂದ ವರದಿಯಲ್ಲಿ ‘ನಿರುಪದ್ರವಿ’ ಎಂದಷ್ಟೇ ಬರೆಯದೆ ‘ರಸಬಾಳೆಯಲ್ಲಿ, ಇಷ್ಟು ವಾರಗಳಲ್ಲಿ, ರೋಗ ತರದ ತಳಿ’ ಎಂದು ಬರೆಯುವುದು ಸರಿ.

ಪರೀಕ್ಷೆಗೆ ಪ್ರತಿ ತಳಿಗೂ ಕನಿಷ್ಠ ಹತ್ತು ಸಸಿಗಳು, ಪ್ರತಿ ಮಿಲಿಲೀಟರಿಗೆ 10 ಲಕ್ಷ ಬೀಜಕಗಳ ದ್ರಾವಣ, ಬರಿಯ ನೀರು ಹಾಕಿದ ಸಸಿಗಳ ಒಂದು ಗುಂಪು, ರೋಗ ತರುತ್ತದೆಂದು ಖಚಿತವಾದ ತಳಿಯ ಇನ್ನೊಂದು ಗುಂಪು ಇರಬೇಕು. ಆರರಿಂದ ಎಂಟು ವಾರಗಳ ನಂತರ ಎಲೆಯ ಬಣ್ಣವನ್ನಷ್ಟೇ ನೋಡಿ ಅಂಕ ಕೊಡಬೇಡಿ. ನಮ್ಮ ಮಳೆಯಲ್ಲಿ ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಗಡ್ಡೆ ಕೊಯ್ದು, ಕಂದಾದ ಭಾಗದಿಂದ ಶಿಲೀಂಧ್ರವನ್ನು ಮತ್ತೆ ಬೇರ್ಪಡಿಸಿ, ಅದು ಹಾಕಿದ ತಳಿಯೇ ಎಂದು ಖಚಿತಪಡಿಸಿಕೊಳ್ಳಿ. ಕ್ಯಾವೆಂಡಿಷ್ ಸಸಿಯೂ ಸೊರಗಿದರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ ಕೃಷಿ ಸಂಶೋಧನಾ ಕೇಂದ್ರದ ತಜ್ಞರಿಗೆ ತಿಳಿಸಬೇಕು: ಕ್ಯಾವೆಂಡಿಷ್ ಅನ್ನೂ ಕೊಲ್ಲುವ ಟಿಆರ್4 ಗುಂಪು ಬಿಹಾರ, ಉತ್ತರ ಪ್ರದೇಶಗಳಲ್ಲಿ ಈಗಾಗಲೇ ಕಂಡುಬಂದಿದೆ.

ಡಿಎನ್‌ಎ ಮತ್ತು ಸೀಕ್ವೆನ್ಸಿಂಗ್

ಆಲೂಗಡ್ಡೆ ಡೆಕ್ಸ್‌ಟ್ರೋಸ್ ದ್ರವದಲ್ಲಿ ಮೂರು ನಾಲ್ಕು ದಿನ ಬೆಳೆಸಿದ ಎಳೆಗಳನ್ನು ಸೋಸಿ, ದ್ರವ ಸಾರಜನಕದಲ್ಲಿ ಅರೆದು, ಸಿಟಿಎಬಿ ವಿಧಾನದಿಂದ ಡಿಎನ್‌ಎ ತೆಗೆಯುವುದು ಸಾಮಾನ್ಯ ಕ್ರಮ. ಶಿಲೀಂಧ್ರದ ಡಿಎನ್‌ಎ ಜೊತೆ ಅಂಟಂಟಾದ ಪಾಲಿಸ್ಯಾಕರೈಡ್‌ಗಳು ಬಂದುಬಿಡುತ್ತವೆ. ಬೆಳಕಿನ ಹೀರಿಕೆಯಿಂದ ಶುದ್ಧತೆಯನ್ನು ಅಳೆಯುವ 260/230 ಅನುಪಾತ 1.8ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಶುದ್ಧಗೊಳಿಸಿ. ಉದ್ದದ ತುಣುಕುಗಳು ಬೇಕಾದ್ದರಿಂದ ಕೊಳವೆಯನ್ನು ಜೋರಾಗಿ ಕುಲುಕಬಾರದು. ಮಳೆಗಾಲದಲ್ಲಿ ಕೊರಿಯರ್ ಒಂದೆರಡು ದಿನ ತಡವಾಗುವುದುಂಟು; ಹಾಗಾಗಿ ಡಿಎನ್‌ಎಯನ್ನು ಎಥನಾಲ್‌ನಲ್ಲಿ ಅವಕ್ಷೇಪಿಸಿದ ಸ್ಥಿತಿಯಲ್ಲೇ ಕಳುಹಿಸುವುದು ಕ್ಷೇಮ.

ಎಫ್‌ಓ47ರಂಥ 5 ಕೋಟಿ ಬೇಸ್ ಜೋಡಿಗಳ ಜೀನೋಮನ್ನು ನೂರು ಸಲ ಓದಿದಂತಾಗಲು 500 ಕೋಟಿ ಬೇಸ್‌ಗಳಷ್ಟು ಓದು ಬೇಕು. ಹಣ ಒಂದೇ ಬಗೆಯ ಓದಿಗೆ ಸಾಕಾಗುವಂತಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿದೆ: ಸಾವಿರಾರು ಬೇಸ್‌ಗಳನ್ನು ಒಂದೇ ಎಳೆಯಲ್ಲಿ ಓದುವ ನ್ಯಾನೊಪೋರ್ ಅಥವಾ ಪ್ಯಾಕ್‌ಬಯೊ ಯಂತ್ರಗಳ ಉದ್ದ ಓದು. ಇಲ್ಯುಮಿನಾದ 150 ಬೇಸ್‌ಗಳ ತುಣುಕುಗಳು ನಿಖರವಾಗಿದ್ದರೂ, ಟ್ರಾನ್ಸ್‌ಪೋಸಾನ್‌ಗಳ ಪುನರಾವರ್ತನೆ ಎದುರಾದಲ್ಲೆಲ್ಲ ತುಣುಕುಗಳನ್ನು ಸೇರಿಸಿ ಜೀನೋಮ್ ಕಟ್ಟುವ ಜೋಡಣೆ ತುಂಡಾಗುತ್ತದೆ. ನಾವು ಹುಡುಕುವ ಜೀನ್‌ಗಳು ಇರುವುದೇ ಅಂಥ ಜಾಗದಲ್ಲಿ.

ಜೋಡಣೆ, ಮತ್ತು ನಮ್ಮನ್ನು ಮೋಸಗೊಳಿಸಿದ 60 ಲಕ್ಷ ಅಕ್ಷರಗಳು

32 ಜಿಬಿ ಮೆಮೊರಿಯ ಲಿನಕ್ಸ್ ಕಂಪ್ಯೂಟರ್ ಈ ಗಾತ್ರದ ಜೀನೋಮಿಗೆ ಸಾಕಾಗುತ್ತದೆ. ಅದೂ ಇಲ್ಲದವರು ಗ್ಯಾಲಕ್ಸಿ ಎಂಬ ಉಚಿತ ಜಾಲತಾಣ ಸೇವೆಯಲ್ಲಿ ಬಹುಪಾಲು ಕೆಲಸ ಮುಗಿಸಬಹುದು. ಗುಡುಗು ಸಿಡಿಲಿನ ತಿಂಗಳುಗಳಲ್ಲಿ ರಾತ್ರಿಯಿಡೀ ನಡೆಯುವ ಲೆಕ್ಕಾಚಾರಕ್ಕೆ ಯುಪಿಎಸ್ ಇರಲೇಬೇಕು. ನ್ಯಾನೊಪೋರ್ ಓದಿಗೆ ಫ್ಲೈ, ಪ್ಯಾಕ್‌ಬಯೊ ಹೈಫೈ ಓದಿಗೆ ಹೈಫಿಯಾಸ್ಮ್ ಬಳಸಿ ಜೋಡಿಸಿ, ಕ್ವಾಸ್ಟ್‌ನಿಂದ ತುಂಡುಗಳ ಸಂಖ್ಯೆ, ಉದ್ದ ಅಳೆಯಿರಿ. ಇರಲೇಬೇಕಾದ ಜೀನ್‌ಗಳಲ್ಲಿ ಎಷ್ಟು ಸಿಕ್ಕಿವೆ ಎಂದು ಎಣಿಸುವ ಪೂರ್ಣತೆಯ ಪರೀಕ್ಷೆಗೆ ಬಸ್ಕೋ ಇದೆ. ಅದರಲ್ಲಿ ಎಲ್ಲ ಶಿಲೀಂಧ್ರಗಳಿಗೂ ಅನ್ವಯಿಸುವ ಚಿಕ್ಕ ಪಟ್ಟಿಯ ಬದಲು, ಫ್ಯುಸೇರಿಯಂ ಸೇರಿರುವ ಹೈಪೋಕ್ರಿಯೇಲ್ಸ್ ಗಣದ ಸಾವಿರಾರು ಜೀನ್‌ಗಳ ಪಟ್ಟಿಯನ್ನೇ ಆರಿಸಿ; ಪ್ರಶ್ನೆಪತ್ರಿಕೆ ಕಠಿಣವಾದಷ್ಟೂ ಅಂಕಕ್ಕೆ ಬೆಲೆ ಹೆಚ್ಚು.

ಒಮ್ಮೆ ರೋಗಕಾರಕ ತಳಿಯೊಂದರ ಜೋಡಣೆಯಲ್ಲಿ, ಉಳಿದ ಯಾವ ತಳಿಯಲ್ಲೂ ಇಲ್ಲದ 60 ಲಕ್ಷ ಬೇಸ್ ಜೋಡಿಗಳ ಅಖಂಡ ತುಂಡೊಂದು ಕಾಣಿಸಿತು. ಹೊಸ ವರ್ಣತಂತು ಸಿಕ್ಕಿತೆಂದು ಕೋಣೆಯಲ್ಲಿ ಎಲ್ಲರೂ ಹಿಗ್ಗಿದರು. ಫ್ಯುಸೇರಿಯಂನ ಜೀನೋಮ್‌ನಲ್ಲಿ ಜಿ ಮತ್ತು ಸಿ ಅಕ್ಷರಗಳ ಪಾಲು ಶೇಕಡಾ 48ರ ಆಸುಪಾಸು. ಈ ತುಂಡಿನಲ್ಲಿ ಅದು 60 ದಾಟಿತ್ತು. ಹೋಲಿಕೆ ಹುಡುಕಿದಾಗ ಸ್ಯೂಡೊಮೋನಾಸ್ ಬ್ಯಾಕ್ಟೀರಿಯಾದ ಜೀನೋಮ್ ಎಂದು ಗೊತ್ತಾಯಿತು. ದ್ರವ ಮಾಧ್ಯಮಕ್ಕೆ ಪ್ರತಿಜೀವಕ ಹಾಕದೆ ಇದ್ದುದೇ ಕಾರಣ. ಪ್ರತಿ ತುಂಡಿನ ಜಿಸಿ ಪಾಲು, ಓದಿನ ಆಳ (ಅದನ್ನು ಎಷ್ಟು ಸಲ ಓದಲಾಗಿದೆ ಎಂಬುದು), ಹೋಲುವ ಜೀವಿ ಇವು ಮೂರನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಬ್ಲಾಬ್‌ಟೂಲ್ಸ್ ತಂತ್ರಾಂಶವನ್ನು ಓಡಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಎಲ್ಲಕ್ಕೂ ಒಂದೇ ಅಳತೆಗೋಲು

ಜೀನ್‌ಗಳನ್ನು ಗುರುತಿಸುವ ಮೊದಲು ರಿಪೀಟ್‌ಮಾಡೆಲರ್, ರಿಪೀಟ್‌ಮಾಸ್ಕರ್‌ಗಳಿಂದ ಪುನರಾವರ್ತನೆಗಳನ್ನು ಮರೆಮಾಡಿ, ನಂತರ ಫನ್ನೊಟೇಟ್ ಅಥವಾ ಬ್ರೇಕರ್ ಓಡಿಸಬೇಕು. ನಿಮ್ಮ ತಳಿಗಳಿಗೆ ನೀವೇ ಜೀನ್ ಪಟ್ಟಿ ತಯಾರಿಸಿ, ಎಫ್‌ಓ47ಕ್ಕೆ ಮಾತ್ರ ಪ್ರಕಟವಾದ ಪಟ್ಟಿಯನ್ನು ಇಳಿಸಿಕೊಂಡು ಹೋಲಿಸಿದರೆ, ಕಾಣುವ ವ್ಯತ್ಯಾಸದ ದೊಡ್ಡ ಪಾಲು ತಂತ್ರಾಂಶಗಳದ್ದೇ ಆಗಿರುತ್ತದೆ. ಇಳಿಸಿಕೊಂಡ ಜೀನೋಮ್‌ಗಳನ್ನೂ ಸೇರಿಸಿ ಎಲ್ಲವನ್ನೂ ಅದೇ ಆವೃತ್ತಿಯ, ಅದೇ ನಿಯಮಗಳ ತಂತ್ರಾಂಶದಿಂದ ಹೊಸದಾಗಿ ಗುರುತಿಸಿ. ಬೇಸರದ ಕೆಲಸ, ಆದರೆ ಇದನ್ನು ತಪ್ಪಿಸಿದ ವರದಿಯನ್ನು ನಾನು ನಂಬುವುದಿಲ್ಲ.

ಹೋಲಿಕೆ

ಮೊದಲು ಇಡೀ ಜೀನೋಮ್‌ಗಳನ್ನು ನ್ಯೂಕ್ಮರ್‌ನಿಂದ ಸರಿಹೊಂದಿಸಿ ಚುಕ್ಕೆಚಿತ್ರ ಬಿಡಿಸಿ. ಅಡ್ಡರೇಖೆಯ ಮೇಲೆ ರೋಗಕಾರಕ, ಲಂಬರೇಖೆಯ ಮೇಲೆ ನಿರುಪದ್ರವಿ. ಎರಡಕ್ಕೂ ಸಾಮಾನ್ಯವಾದ ಮೂಲ ವರ್ಣತಂತುಗಳು ಮೂಲೆಯಿಂದ ಮೂಲೆಗೆ ಓರೆಗೆರೆಗಳಾಗಿ ಮೂಡುತ್ತವೆ. ಗೆರೆಯೇ ಇಲ್ಲದೆ, ಅಲ್ಲೊಂದು ಇಲ್ಲೊಂದು ಧೂಳಿನಂಥ ಚುಕ್ಕೆಗಳಷ್ಟೇ ಇರುವ ಖಾಲಿ ಪಟ್ಟಿಯೊಂದು ಅಡ್ಡರೇಖೆಯ ಕೊನೆಯಲ್ಲಿ ಸಿಕ್ಕಿದರೆ, ಅಲ್ಲಿ ನಿಲ್ಲಿ. ಹೆಚ್ಚುವರಿ ವರ್ಣತಂತು ಇರುವುದು ಅಲ್ಲೇ, ಆ ಧೂಳು ಟ್ರಾನ್ಸ್‌ಪೋಸಾನ್‌ಗಳದ್ದು. ನಿರುಪದ್ರವಿ ತಳಿಯಲ್ಲೂ ಅಂಥ ಹೆಚ್ಚುವರಿ ಭಾಗ ಇರಬಹುದು, ಎಫ್‌ಓ47ರಲ್ಲೂ ಇದೆ. ಹೆಚ್ಚುವರಿ ಎಂದ ಮಾತ್ರಕ್ಕೆ ರೋಗದ್ದಲ್ಲ.

ಎರಡನೆಯದಾಗಿ ಎಲ್ಲ ತಳಿಗಳ ಪ್ರೋಟೀನ್‌ಗಳನ್ನು ಆರ್ಥೋಫೈಂಡರ್‌ಗೆ ಕೊಟ್ಟು ಸಮಮೂಲದ ಗುಂಪುಗಳಾಗಿ ವಿಂಗಡಿಸಿ. ಪ್ರತಿ ತಳಿಯಲ್ಲೂ ಒಂದೊಂದೇ ಪ್ರತಿ ಇರುವ ಜೀನ್‌ಗಳಿಂದ ಐಕ್ಯೂಟ್ರೀ ಬಳಸಿ ವಂಶವೃಕ್ಷ ಕಟ್ಟಿ, ಮುಂದಿನ ಎಲ್ಲ ಪಟ್ಟಿಗಳನ್ನೂ ಅದರ ಪಕ್ಕದಲ್ಲಿಟ್ಟು ಓದಿ. ಬಾಳೆಯ ರೋಗಕಾರಕ ತಳಿಗಳೆಲ್ಲ ಒಂದೇ ಕೊಂಬೆಯವಲ್ಲ. ಬೇರೆ ಬೇರೆ ಕೊಂಬೆಗಳಲ್ಲಿ ಹರಡಿಕೊಂಡಿವೆ. ಒಂದು ಜೀನ್ ಎರಡು ದೂರದ ಕೊಂಬೆಗಳ ರೋಗಕಾರಕಗಳಲ್ಲಿದ್ದು, ಅವುಗಳ ಪಕ್ಕದ ನಿರುಪದ್ರವಿಗಳಲ್ಲಿ ಇಲ್ಲದಿದ್ದರೆ ಅದಕ್ಕೆ ತೂಕ ಹೆಚ್ಚು. ಒಂದೇ ಕೊಂಬೆಯ ಮೂರು ತಳಿಗಳಲ್ಲಿ ಇದ್ದರೆ ಅದು ಬರಿಯ ಮನೆತನದ ಗುರುತಾಗಿರಬಹುದು.

ಮೂರನೆಯ ಹಂತವೇ ಹೆಚ್ಚು ಫಲ ಕೊಡುವಂಥದ್ದು: ಎಫೆಕ್ಟರ್‌ಗಳ ಹುಡುಕಾಟ. ಶಿಲೀಂಧ್ರ ಗಿಡದೊಳಗೆ ಸ್ರವಿಸಿ, ಗಿಡದ ರಕ್ಷಣೆಯನ್ನು ಕುಗ್ಗಿಸುವ ಚಿಕ್ಕ ಪ್ರೋಟೀನ್‌ಗಳಿವು. ಸಿಗ್ನಲ್‌ಪಿ ಸ್ರವಿಸುವಂಥವನ್ನು ಆರಿಸುತ್ತದೆ. ಅವುಗಳಲ್ಲಿ 300 ಅಮೈನೊ ಆಮ್ಲಗಳಿಗಿಂತ ಚಿಕ್ಕವನ್ನು, ಸಿಸ್ಟೀನ್ ಹೆಚ್ಚಿರುವಂಥವನ್ನು ಬೇರ್ಪಡಿಸಿ ಎಫೆಕ್ಟರ್‌ಪಿಗೆ ಕೊಡಿ. ಟೊಮೆಟೊದ ಸೊರಗು ತಳಿಯಲ್ಲಿ ನೀರಿನ ನಾಳದೊಳಗೇ ಪತ್ತೆಯಾದ ‘ಸಿಕ್ಸ್’ ಜೀನ್‌ಗಳು 14. ಅವುಗಳಲ್ಲಿ ಕೆಲವುಗಳ ಬಂಧುಗಳು ಬಾಳೆಯ ತಳಿಗಳಲ್ಲೂ ಇವೆ. ಇಂಥ ಜೀನ್‌ಗಳ ಆರಂಭಕ್ಕೆ ಹತ್ತಿರದಲ್ಲಿ ‘ಮಿಂಪ್’ ಎಂಬ, ಇನ್ನೂರು ಬೇಸ್‌ಗಳ ಆಸುಪಾಸಿನ ಪುಟ್ಟ ಟ್ರಾನ್ಸ್‌ಪೋಸಾನ್ ಕೂತಿರುವುದು ಫ್ಯುಸೇರಿಯಂನ ವಿಶೇಷ. ಆದ್ದರಿಂದ ಮಿಂಪ್‌ಗಳನ್ನು ಮೊದಲು ಪತ್ತೆಹಚ್ಚಿ ಅದರ ಮುಂದಿನ ಒಂದೆರಡು ಸಾವಿರ ಬೇಸ್‌ಗಳಲ್ಲಿ ಏನಿದೆ ಎಂದು ಕಣ್ಣಾರೆ ನೋಡಿದರೆ, ಜೀನ್ ಗುರುತಿಸುವ ತಂತ್ರಾಂಶ ಚಿಕ್ಕದೆಂದು ಬಿಟ್ಟುಬಿಟ್ಟ ಎಫೆಕ್ಟರ್‌ಗಳೂ ಸಿಗುತ್ತವೆ.

ಸಸ್ಯದ ಕೋಶಭಿತ್ತಿ ಕರಗಿಸುವ ಕಿಣ್ವಗಳನ್ನು ಡಿಬಿಕ್ಯಾನ್‌ನಿಂದಲೂ, ವಿಷವಸ್ತುಗಳನ್ನು ತಯಾರಿಸುವ ಜೀನ್ ಸಮೂಹಗಳನ್ನು ಆಂಟಿಸ್ಮ್ಯಾಶ್‌ನಿಂದಲೂ ಎಣಿಸಬಹುದು. ಎರಡೂ ಬಗೆಯ ತಳಿಗಳು ಬೇರನ್ನೇ ಆಶ್ರಯಿಸುವುದರಿಂದ ಕಿಣ್ವಗಳ ಸಂಖ್ಯೆಯಲ್ಲಿ ದೊಡ್ಡ ಅಂತರ ಕಾಣದಿದ್ದರೆ ನಿರಾಶೆ ಬೇಡ.

‘ಇಲ್ಲ’ ಎಂದು ಬರೆಯುವ ಮುನ್ನ

ಜೀನ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಜೀನ್ ಇಲ್ಲವೆಂದಲ್ಲ. ಮೊದಲು ಆ ಪ್ರೋಟೀನನ್ನು ಟಿಬ್ಲಾಸ್ಟ್‌ಎನ್ ಮೂಲಕ ನಿರುಪದ್ರವಿಯ ಇಡೀ ಜೀನೋಮ್‌ನಲ್ಲಿ ಹುಡುಕಿ. ಗುರುತಿಸುವಿಕೆಯಲ್ಲಿ ತಪ್ಪಿದ್ದು ಇಲ್ಲಿ ಸಿಕ್ಕಿಬೀಳುತ್ತದೆ. ನಂತರ ನಿರುಪದ್ರವಿಯ ಕಚ್ಚಾ ಓದುಗಳನ್ನು ರೋಗಕಾರಕದ ಜೀನೋಮ್ ಮೇಲೆ ಹೊಂದಿಸಿ, ಆ ಜೀನಿನ ಉದ್ದಕ್ಕೂ ಆಳ ಸೊನ್ನೆಯೇ ಎಂದು ನೋಡಿ. ಜೋಡಣೆಯಲ್ಲಿ ಬಿಟ್ಟುಹೋದದ್ದು ಇಲ್ಲಿ ಗೊತ್ತಾಗುತ್ತದೆ. ಎರಡೂ ಕಡೆ ಇಲ್ಲವಾದರೆ ಮಾತ್ರ ‘ಇಲ್ಲ’. ಜೀನ್ ಇದ್ದು, ನಡುವೆ ಟ್ರಾನ್ಸ್‌ಪೋಸಾನ್ ನುಗ್ಗಿ ಕೆಟ್ಟುಹೋಗಿರುವುದೂ ಉಂಟು. ಅದನ್ನು ‘ಇಲ್ಲ’ ಎಂಬ ಕಾಲಂಗೆ ಸೇರಿಸದೆ ಪ್ರತ್ಯೇಕವಾಗಿ ಬರೆಯಿರಿ.

ಮತ್ತೆ ತೋಟಕ್ಕೆ

ಹತ್ತು ಹದಿನೈದು ಜೀನ್‌ಗಳ ಪಟ್ಟಿ ಉಳಿದಾಗ ಕಂಪ್ಯೂಟರಿನ ಕೆಲಸ ಮುಗಿಯಿತು. ಪ್ರತಿಯೊಂದಕ್ಕೂ ಪ್ರೈಮರ್ ಮಾಡಿಸಿ, ಜೀನೋಮ್ ಓದಿಸದ ಇನ್ನೂ ಮೂವತ್ತು ನಲವತ್ತು ತಳಿಗಳ ಮೇಲೆ ಪಿಸಿಆರ್ ನಡೆಸಿ; ಜೀನ್ ಇದ್ದರೆ ಅದು ನಕಲಾಗಿ ಜೆಲ್ ಮೇಲೆ ಪಟ್ಟೆಯಾಗಿ ಕಾಣುತ್ತದೆ. ಪ್ರತಿ ಮಾದರಿಯಲ್ಲೂ ಟಿಇಎಫ್1 ಜೀನಿನ ಪಟ್ಟೆ ಜೊತೆಗೇ ಬರಬೇಕು; ಅದು ಬಾರದಿದ್ದರೆ ಉಳಿದ ‘ಇಲ್ಲ’ಗಳಿಗೆ ಅರ್ಥವಿಲ್ಲ, ಡಿಎನ್‌ಎಯೇ ಕೆಟ್ಟಿದೆ. ರೋಗಪರೀಕ್ಷೆಯ ಫಲಿತಾಂಶದೊಡನೆ ಸರಿಹೊಂದದ ಜೀನ್‌ಗಳನ್ನು ಪಟ್ಟಿಯಿಂದ ತೆಗೆಯಿರಿ. ಉಳಿದವುಗಳಲ್ಲಿ ಯಾವುದು ನಿಜವಾಗಿಯೂ ರೋಗಕ್ಕೆ ಕಾರಣ ಎಂಬುದನ್ನು ರೋಗಕಾರಕದಿಂದ ಆ ಜೀನನ್ನು ಅಳಿಸಿ, ಸಸಿಗೆ ಸೋಕಿಸಿ, ಗಡ್ಡೆ ಕೊಯ್ದು ನೋಡಿಯೇ ಹೇಳಬೇಕು. ಆ ಸೌಲಭ್ಯವಿಲ್ಲದ ಕಾಲೇಜು ‘ಸಂಬಂಧ ಕಂಡುಬಂದಿದೆ’ ಎಂಬಲ್ಲಿಗೆ ವರದಿಯನ್ನು ನಿಲ್ಲಿಸಬೇಕು. ತಳಿಗಳನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಎಫ್‌ಸಿಸಿಐಯಂಥ ರಾಷ್ಟ್ರೀಯ ಸಂಗ್ರಹದಲ್ಲಿಯೂ, ಓದುಗಳನ್ನು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿಯೂ ಇರಿಸಿ. ತಳಿಯನ್ನು ವಿದೇಶಕ್ಕೆ ಕಳುಹಿಸುವುದಾದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಅನುಮತಿಯನ್ನು ಮೊದಲೇ ಪಡೆಯಬೇಕು.

ರೋಗಕಾರಕಗಳೆಲ್ಲದರಲ್ಲಿ ಬಂದು, ನಿರುಪದ್ರವಿಗಳಲ್ಲಿ ಒಂದರಲ್ಲೂ ಬಾರದ ಪಟ್ಟೆಯೊಂದು ಸಿಕ್ಕಿದರೆ, ಮುಂದಿನ ನಾಟಿಗೆ ಬಾಳೆಯ ಕಂದು (ಬುಡದ ಮರಿ) ಕೀಳುವ ಮೊದಲು ಆ ತೋಟಕ್ಕೆ ಹೋಗಿ. ಪನಾಮ ಸೊರಗು ಒಂದು ತೋಟದಿಂದ ಇನ್ನೊಂದಕ್ಕೆ ಹೆಚ್ಚಾಗಿ ಸಾಗುವುದು ಹೊರಗಿನಿಂದ ಆರೋಗ್ಯವಾಗಿಯೇ ಕಾಣುವ ಕಂದಿನ ಗಡ್ಡೆಯೊಳಗೆ. ಯಾವ ಬುಡದ ಕಂದನ್ನು ನೆಡಬಾರದು ಎಂದು ಯಜಮಾನರು ಕೇಳಿದಾಗ, ಗಡ್ಡೆಯ ಒಂದು ಚೂರನ್ನು ತೆಗೆದುಕೊಂಡು ಬಂದು ಅದೇ ಪಿಸಿಆರ್ ಮಾಡಿ ಉತ್ತರ ಕೊಡಿ.